ಅರೆತ್ತಿನ ಬಾವಿ ಮತ್ತು ನಮ್ಮ ಮನೆಯ ನೊಗ

ದೊಡ್ಡವ್ವಾ,

ಬೀಳಗಿಯ ಬಾವಿಯ ಕಥೆಯನ್ನು ನನಗೆ ಮೊದಲು ಹೇಳಿದವಳು ನೀನು. ನಾನಿನ್ನೂ ಶಾಲೆಗೆ ಹೋಗದ ವಯಸ್ಸು. ಕಾರಹುಣ್ಣಿವೆಯ ಹಿಂದಿನ ದಿನ, ಎತ್ತಿನ ಕೋಡಿಗೆ ಹಚ್ಚುವ ಬಣ್ಣ ಕಲೆಸುತ್ತ ಹಿತ್ತಲಲ್ಲಿ ಕೂತಿದ್ದೆ ನೀನು. ಒಬ್ಬ ಹೆಣ್ಣುಮಗಳ ಜೋಡೆತ್ತಿನಲ್ಲಿ ಒಂದು ಸತ್ತಿತಂತೆ, ಎತ್ತು ಎಳೆದು ನೀರೆತ್ತುವ ಬಾವಿಯ ಕಪಿಲೆ ನಿಂತಿತಂತೆ, ಊರಿಗೆ ನೀರಿಲ್ಲ. ಆಕೆ ನೊಗದ ಖಾಲಿ ಬದಿಗೆ ತನ್ನ ಹೆಗಲು ಕೊಟ್ಟು, ಉಳಿದ ಎತ್ತಿನ ಜೊತೆ ನೀರು ಎಳೆದಳಂತೆ. ಜನ ಆಕೆಯನ್ನು ಅರ್ಧ ಎತ್ತು ಅಂದರು, ಬಾವಿಗೆ ಅರೆತ್ತಿನ ಬಾವಿ ಎಂದು ಹೆಸರು ಬಂತು. ಆಕೆ ನಮ್ಮ ಮನೆತನದವಳು ಎಂದೂ ನೀನು ಹೇಳಿದೆ. ಅದಕ್ಕೇ ಈ ಮನೆಗೆ ಬಂದ ಸೊಸೆ ಮೊದಲ ಕಾರಹುಣ್ಣಿವೆಯ ಬೆಳಿಗ್ಗೆ ನೊಗದ ಒಂದು ತುದಿಯನ್ನು ಹೆಗಲ ಮೇಲೆ ಹೊರಬೇಕು. ಇನ್ನೊಂದು ತುದಿ ಕಟ್ಟೆಯ ಮೇಲಿರುತ್ತಿತ್ತು. ನೀನು ಹೊತ್ತಿದ್ದೆ. ನನ್ನ ಹೆಂಡತಿ ಗಂಗವ್ವನೂ ಹೊತ್ತಳು.

ನೀನು ಕಣ್ಣು ಮುಚ್ಚುವ ಹಿಂದಿನ ದಿನ ನನ್ನ ಕೈ ಹಿಡಿದು, “ಮಲ್ಲಾ, ನೊಗಾ ಇಳಿಸಬ್ಯಾಡೋ” ಅಂದದ್ದು ನೆನಪಿದೆಯೇ? ನಾನು ಹೂಂ ಅಂದಿದ್ದೆ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೂ ಅದು ಪಡಸಾಲೆಯ ಗೋಡೆಯ ಮೇಲೇ ಇದೆ. ಈ ವರ್ಷ ನನ್ನ ಮಗ ಬಸು ಮದುವೆಯಾದ. ಸೊಸೆ ಶ್ರೀದೇವಿ ಬನಹಟ್ಟಿಯ ನೇಕಾರರ ಮನೆಯವಳು, ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಾಳೆ. ಕಥೆ ಕೇಳಿ ನಕ್ಕಳು.

“ನಮ್ಮ ಮನ್ಯಾಗ ಸೊಸಿನ್ನ ಮಗ್ಗಕ್ಕ ಹೂಡೂದಿಲ್ರಿ ಮಾವಾರ. ಮೊದಲ ಬಾವಿ ತೋರಸ್ರಿ. ಕಥಿ ಖರೆ ಇದ್ರ ಹೊರ್ತೇನಿ, ಸುಳ್ಳಿದ್ರ ಒಲ್ಲೆ.”

ಹಾಗೆ ಹುಣ್ಣಿವೆಯ ಹಿಂದಿನ ದಿನ ನಾಲ್ವರೂ ನಮ್ಮೂರು ಬೆಳಗಲಿಯಿಂದ ಹೊರಟೆವು. ಮುಧೋಳದಲ್ಲಿ ಘಟಪ್ರಭೆಗೆ ಇಳಿದು ಕಾಲು ತೊಳೆದೆವು. ಹೊಳೆ ಕಂಡಲ್ಲೆಲ್ಲ ನೀನು ವೀಳ್ಯದೆಲೆ ಬಿಡುತ್ತಿದ್ದೆಯಲ್ಲ, ಗಂಗವ್ವ ಮರೆಯದೆ ತಂದಿದ್ದಳು. ಶ್ರೀದೇವಿ ಹಳೆಯ ವಾಡೆಯ ಮುಂದೆ, ಕಲ್ಲಿನ ಗೋಡೆಯ ಮುಂದೆ ನಿಂತು ನಿಂತು ಫೋಟೋ ತೆಗೆದಳು. ನನ್ನ ಕಣ್ಣಿಗೆ ಯಾವುದೂ ಹತ್ತಲಿಲ್ಲ. ಇಷ್ಟು ವರ್ಷ ಆ ಕಥೆಯನ್ನು ಊರೂರಿಗೆ ಹೇಳಿದವನು ನಾನು, ಆ ಬಾವಿಯನ್ನೇ ನೋಡಿರಲಿಲ್ಲ. ನೀನಾದರೂ ನೋಡಿದ್ದೆಯಾ? ಈಗ ಕೇಳಿದರೆ ಏನು ಬಂತು...

ಬೀಳಗಿಯಲ್ಲಿ ಬಾವಿಯ ಹತ್ತಿರ ಒಬ್ಬ ಮುದುಕ ಆಡು ಮೇಯಿಸುತ್ತಿದ್ದ. ಇದಕ್ಕೆ ಏನಂತಾರೆ ಎಂದು ಕೇಳಿದೆ.

“ಆರೆತ್ತಿನ ಬಾವಿರಿ. ಆರು ಎತ್ತು ಹೂಡಿ ನೀರು ಎತ್ತತಿದ್ರಂತ.”

“ಆರೋ, ಅರೆಯೋ?”

“ಅರ್ಧಾ ಎತ್ತು ಎಲ್ಲಿರತೈತ್ರೀ ಯಜಮಾನ್ರ? ಮುಂದಿನ ಅರ್ಧಾ ಹುಲ್ಲು ತಿಂತೈತಿ, ಹಿಂದಿನ ಅರ್ಧಾ ನೀರು ಎಳಿತೈತೇನು?”

ಬಸು ಬಿದ್ದು ಬಿದ್ದು ನಕ್ಕ. ನಾನು ಬಾವಿಯ ಗೋಡೆಯ ಹತ್ತಿರ ಹೋದೆ. ಗೋಡೆಯ ಮೇಲೆ ಯಾರೋ ಸುಣ್ಣದಲ್ಲಿ ಬಾವಿಯ ಹೆಸರು ಬರೆದಿದ್ದರು. ಮೊದಲ ಅಕ್ಷರದ ಬಲಕ್ಕೆ ಒಂದು ಗೀಟು ಇಳಿದಿತ್ತು. ಅದು ದೀರ್ಘವೋ, ಸುಣ್ಣ ಸೋರಿದ್ದೋ? ದಿನಾ ಮಕ್ಕಳಿಂದ ಅ, ಆ ತಿದ್ದಿಸುವ ಶ್ರೀದೇವಿಯೇ ಬೆರಳಿಟ್ಟು ನೋಡಿ, “ತಿಳಿವಲ್ದರಿ ಮಾವಾರ” ಅಂದಳು. ಅಷ್ಟು ಸಣ್ಣ ಗೀಟಿನ ಮೇಲೆ ನಮ್ಮ ಮನೆಯ ಹೆಣ್ಣುಮಕ್ಕಳ ಹೆಗಲು ನಿಂತಿತ್ತೇ, ದೊಡ್ಡವ್ವಾ? ನೀನು ತಪ್ಪು ಕೇಳಿದೆಯೋ, ನಿನಗೆ ಹೇಳಿದವರು ತಪ್ಪಿದರೋ, ಇಲ್ಲ ಆ ಮುದುಕನೇ...

ತಿರುಗಿ ಬರುವಾಗ ಗಂಗವ್ವ ಕಿಟಕಿಯಾಚೆ ಕಬ್ಬು ನೋಡುತ್ತ, “ನಾನೂ ಹೊತ್ತೇನಿ. ನನಗ ಯಾರೂ ಬಾವಿ ತೋರಿಸ್ಲಿಲ್ಲ” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಮನೆಗೆ ಬಂದು ನೊಗದ ಕೆಳಗೆ ಬಹಳ ಹೊತ್ತು ಕೂತೆ. ಇಳಿಸಬೇಡ ಅಂದೆಯಲ್ಲ, ಗೋಡೆಯಿಂದಲೋ, ಹೆಗಲಿನಿಂದಲೋ? ನಿನಗೆ ಕೊಟ್ಟ ಮಾತು ಉಳಿಸಲೋ, ಶ್ರೀದೇವಿಗೆ ಖರೆ ಹೇಳಲೋ? ಕೊನೆಗೆ ಸೊಸೆಯನ್ನು ಕರೆದೆ. “ಖರೆ ಏನಂತ ನನಗೂ ಗೊತ್ತಿಲ್ಲವಾ. ನೀ ಹೊರಬೇಕಂತ ಇಲ್ಲ.” ಆಕೆ ತಲೆಯಾಡಿಸಿ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ನಡೆದದ್ದನ್ನು ಹೇಳಲಿಕ್ಕೇ ಈ ಪತ್ರ. ಶ್ರೀದೇವಿ ಎದ್ದು, ಮಿಂದು, ಬಸುವಿನ ಕೈಯಿಂದ ನೊಗ ಇಳಿಸಿ ಅಂಗಳಕ್ಕೆ ತಂದಳು. ಒಂದು ತುದಿಯನ್ನು ಹೆಗಲಿಗೆ ಏರಿಸಿದಳು. ಬಸು ಇನ್ನೊಂದನ್ನು ಕಟ್ಟೆಯ ಮೇಲಿಡಲು ಹೋದ.

“ಅಲ್ಲಿ ಯಾಕಿಡ್ತೀರಿ? ನಾ ಅರ್ಧಾ ಅಂದ್ರ ಇನ್ನರ್ಧಾ ಯಾರ್ರಿ? ಕಟ್ಟಿಯೇನು?”

ಬಸು ನನ್ನ ಮುಖ ನೋಡಿದ, ನಾನು ಪಡಸಾಲೆಯಲ್ಲಿ ತೂಗುವ ನಿನ್ನ ಫೋಟೋ ನೋಡಿದೆ. ಅವನು ಬಗ್ಗಿ ಹೆಗಲು ಕೊಟ್ಟ. ಇಬ್ಬರೂ ಮುಗ್ಗರಿಸುತ್ತ, ನಗುತ್ತ ಅಂಗಳದಲ್ಲಿ ಒಂದು ಸುತ್ತು ಹಾಕಿದರು. ಅವರು ಇಳಿಸುವುದೇ ತಡ, ಗಂಗವ್ವ ಸೆರಗು ಸಿಕ್ಕಿಸಿಕೊಂಡು ನೊಗದ ಒಂದು ತುದಿ ಎತ್ತಿದಳು.

“ಏನ್ ನೋಡ್ಕೋತ ನಿಂತೀರಿ? ಅವತ್ತ ನಾ ಒಬ್ಬಾಕಿನ ಹೊತ್ತೇನಿ. ಬರ್ರಿ.”

ಹೋದೆ. ಆರೋ ಅರೆಯೋ ಇನ್ನೂ ತಿಳಿದಿಲ್ಲ. ಆದರೆ ಆ ನೊಗ ಬಹಳ ಭಾರವಿದೆ, ದೊಡ್ಡವ್ವಾ. ಕಥೆಯಲ್ಲಿ ನೀನು ಅದನ್ನು ಹೇಳಲೇ ಇಲ್ಲ. ನಾನೂ ಕೇಳಲಿಲ್ಲ.

ನಿನ್ನ ಮಲ್ಲ