ಗೋಡೆಯ ಮೇಲಿನ ಎರಡನೇ ಗುಂಡಿ

ದಾವಣಗೆರೆ, ೩೦ ಫೆಬ್ರವರಿ ೨೧೯೪

ಪೂಜ್ಯ ವಾರಿಜಜ್ಜಿಗೆ, ನಿಮ್ಮ ಆರನೇ ತಲೆಮಾರಿನ ಕುಡಿ ಚಿದಂಬರನ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ಫೆಬ್ರವರಿಗೆ ಆಗುತ್ತಿದ್ದ ಅನ್ಯಾಯವನ್ನು ನಮ್ಮ ಕಾಲದವರು ಸರಿಪಡಿಸಿದ್ದಾರೆ. ಸರಿಪಡಿಸುವುದು ನಮಗೆ ಅಂಟಿದ ಕಾಯಿಲೆ. ಈ ಕಾಗದ ಅದರದೇ ವರದಿ. ನಡುವೆ ಕೆಲವು ಪದ ಅಪರಿಚಿತವೆನಿಸಿದರೆ ಕ್ಷಮಿಸಿ. ಇದನ್ನು ತರುವ ಹಿಂದಂಚೆ ಎಂದರೆ ಹಿಂದಿನವರಿಗೆ ಕಾಗದ ಮುಟ್ಟಿಸುವ ಇಲಾಖೆ. ಓದುವವರ ಕಾಲದ ಲಾಟರಿ, ಚುನಾವಣೆ, ಸಾವು, ಈ ಮೂರರ ಸುದ್ದಿ ಬರೆಯುವಂತಿಲ್ಲ. ಅಡುಗೆಮನೆಯ ವಿಷಯಕ್ಕೆ ಅಡ್ಡಿಯಿಲ್ಲ.

ಈ ಕಾಗದ ಮುಟ್ಟುವ ದಿನ ನೀವು ಎಸ್ಪ್ರೆಸೊ ಮೆಷಿನ್ನಿನ ಬೆನ್ನು ಬಿಚ್ಚಿಕೊಂಡು ಕೂತಿರುತ್ತೀರಿ. ನಿಮ್ಮ ಡೈರಿಯಲ್ಲಿ ಆ ದಿನಕ್ಕೆ ಇರುವುದು ಒಂದೇ ಸಾಲು: "ಮೆಷಿನ್ ವೈರಿಂಗ್ ಸರಿ ಮಾಡಿದೆ." ಈ ಸಾಲನ್ನು ಓದಿ ನಮ್ಮ ಮನೆಯವರು ಆರು ತಲೆಮಾರು ನಕ್ಕಿದ್ದಾರೆ. ಏಕೆಂದರೆ ನೀವು ಸರಿ ಮಾಡಿದ ಮೇಲೆ ಆ ಮೆಷಿನ್ನು ಒಬ್ಬರಿಗೆ ಕಾಫಿ ಕೊಡುವುದನ್ನೇ ನಿಲ್ಲಿಸಿತು. ಮೆಷಿನ್ನಿನ ಮೇಲೊಂದು ಗುಂಡಿ, ಉದ್ದನೆಯ ತಂತಿಯ ಕೊನೆಯಲ್ಲಿ ಕಿಟಕಿ ಪಕ್ಕದ ಗೋಡೆಗೆ ಕಾಲಿಂಗ್ ಬೆಲ್ಲಿನಂಥ ಇನ್ನೊಂದು ಗುಂಡಿ. ಎರಡನ್ನೂ ಒಟ್ಟಿಗೆ ಅರ್ಧ ನಿಮಿಷ ಒತ್ತಿ ಹಿಡಿದರೆ ಮಾತ್ರ ಲೋಟಕ್ಕೆ ಕಾಫಿ ಇಳಿಯುತ್ತದೆ. ಒಬ್ಬರ ಕೈ ಎರಡಕ್ಕೂ ಎಟುಕದು. ನಮ್ಮ ಮುತ್ತಾತ ಗೋಡೆಯ ಗುಂಡಿಗೆ ಪೊರಕೆ ಕೋಲು ಆನಿಸಿ ನೋಡಿದರಂತೆ. ಪೊರಕೆ ಜಾರಿ ಬಿದ್ದು ಲೋಟ ಒಡೆಯಿತು. ಅಜ್ಜಿ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿದವರು, ಮನೆಯ ವೈರಿಂಗಿನಲ್ಲಿ ಫೇಲಾದರು ಅನ್ನುವುದು ನಮ್ಮ ಮನೆಯ ಖಾಯಂ ತಮಾಷೆ.

ಕಾಫಿ ಇನ್ನೂ ಇದೆ, ಗಾಬರಿಯಾಗಬೇಡಿ. ಈಗ ಅದು ತಾರಸಿಬೀಜ, ಅಂದರೆ ಎಲ್ಲರ ಮನೆ ಮಾಳಿಗೆಯ ಕುಂಡದಲ್ಲಿ ಬೆಳೆದದ್ದು. ಪ್ರತಿ ಮನೆಗೂ ದಿನಕ್ಕಿಷ್ಟೆಂದು ಬಿಸಿಲಿನ ವಿದ್ಯುತ್ತು ಸಿಗುತ್ತದೆ. ಅದನ್ನು ಬಿಸಿಲುಪಾಲು ಎನ್ನುತ್ತೇವೆ. ಅದರಲ್ಲಿ ಮೊದಲ ಪಾಲು ನಿಮ್ಮ ಮೆಷಿನ್ನಿಗೆ. ಅದರ ಬಾಯ್ಲರು ಮೂರು ಸಲ, ಪಂಪು ಐದು ಸಲ ಬದಲಾಗಿವೆ. ನಿಮ್ಮದೆಂದು ಉಳಿದಿದ್ದು ತಗಡಿನ ಮೈ ಮತ್ತು ಆ ಎರಡನೇ ಗುಂಡಿಯ ತಂತಿ. ಎರಡನೆಯದನ್ನು ನಾನು ಕತ್ತರಿಸಿದೆ.

ಈ ಮನೆಯಲ್ಲಿ ಇದ್ದದ್ದು ನಾವಿಬ್ಬರೇ, ನಾನು ಮತ್ತು ನನ್ನ ಸೋದರತ್ತೆ ಇಂದುಮತಿ. ಒಂದು ವರ್ಷದಿಂದ ನಮ್ಮ ನಡುವೆ ಮಾತಿರಲಿಲ್ಲ. ಕಾರಣ ಮರೆತುಹೋಗಿದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಮರೆತಿಲ್ಲ. ತೀರಿಕೊಂಡ ಮಾವನ ಸೈಕಲ್ಲನ್ನು ಅವರನ್ನು ಕೇಳದೆ ದುರಸ್ತಿಕಟ್ಟೆಗೆ ಕೊಟ್ಟುಬಿಟ್ಟಿದ್ದೆ. ದುರಸ್ತಿಕಟ್ಟೆ ಎಂದರೆ ಬೀದಿಯವರೆಲ್ಲ ಕೂತು ಹಳೆಯದರ ಬಿಡಿಭಾಗ ತೆಗೆದು ಹೊಸದಕ್ಕೆ ಜೋಡಿಸುವ ಜಾಗ. ಸೈಕಲ್ಲು ಒಂದೇ ಮಧ್ಯಾಹ್ನದಲ್ಲಿ ಐದು ಮನೆಗೆ ಹಂಚಿಹೋಯಿತು. ಅತ್ತೆ ಬಯ್ಯಲಿಲ್ಲ, ಮಾತು ಬಿಟ್ಟರು. ಆದರೆ ಕಾಫಿ ಬಿಡಲಾಗದಲ್ಲ. ಬೆಳಿಗ್ಗೆ ಆರೂವರೆಗೆ ಅವರು ಮೆಷಿನ್ನಿನ ಗುಂಡಿಗೆ, ನಾನು ಗೋಡೆಯ ಗುಂಡಿಗೆ, ಬೆನ್ನಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದೆವು. ಸಂಜೆ ಮತ್ತೊಮ್ಮೆ. ನಾನು ತಡವಾಗಿ ಎದ್ದರೆ ಅವರು ಚಮಚದಿಂದ ಲೋಟ ಬಡಿಯುತ್ತಿದ್ದರು. ಅವರಿಗೆ ಕೆಮ್ಮಿದೆಯೋ ನಿದ್ದೆ ಕೆಟ್ಟಿದೆಯೋ ಎಲ್ಲ ನನಗೆ ಬೆನ್ನಿನಿಂದಲೇ ಗೊತ್ತಾಗುತ್ತಿತ್ತು.

ಅವರ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ರಾಜಿಯ ಉಡುಗೊರೆ ಕೊಡಬೇಕೆನಿಸಿತು. ಮೆಷಿನ್ನಿನ ಬೆನ್ನು ಬಿಚ್ಚಿ, ಎರಡನೇ ಗುಂಡಿಯ ತಂತಿ ಕತ್ತರಿಸಿ, ಎರಡು ತುದಿ ನೇರ ಜೋಡಿಸಿದೆ. ಒಂದೇ ಗುಂಡಿಗೆ ಕಾಫಿ ಇಳಿಯಿತು. ವರ್ಷದ ನಂತರ ನಾನಾಡಿದ ಮೊದಲ ಮಾತು ಇದು: "ಇನ್ಮೇಲೆ ನಿಮಗೆ ನನ್ನ ಹಂಗಿಲ್ಲ ಅತ್ತೆ."

ಅವರು ಲೋಟವನ್ನು ನೋಡುತ್ತಾ ಹೇಳಿದರು: "ನಂಗೇನೂ ಅದು ಹಂಗು ಅನ್ನಿಸಿರ್ಲಿಲ್ಲ."

ಅಷ್ಟು ಬುದ್ಧಿ ಆಗಲೇ ಇದ್ದಿದ್ದರೆ ತಂತಿಯನ್ನು ಆ ಕ್ಷಣವೇ ಬೆಸೆಯುತ್ತಿದ್ದೆ. ಇರಲಿಲ್ಲ. ಮಾರನೆಯ ದಿನದಿಂದ ಅವರ ಕಾಫಿ ಆರಕ್ಕೆ, ನನ್ನದು ಎಂಟಕ್ಕೆ. ಚಮಚದ ಸದ್ದಿಲ್ಲ. ಮೂರನೇ ತಿಂಗಳು ಅವರು ಕಾರವಾರದ ತಂಗಿಯ ಮನೆಗೆ ಹೊರಟರು. ಅವರು ಹದಿನೈದು ದಿನದಿಂದ ಪೆಟ್ಟಿಗೆ ಕಟ್ಟುತ್ತಿದ್ದರಂತೆ. ನನಗೆ ತಿಳಿದದ್ದು ಬಾಗಿಲಲ್ಲಿ ಗಾಡಿ ನಿಂತಾಗ.

ಕತ್ತರಿಸಿದ ತಂತಿಯನ್ನು ಕಳೆದ ವಾರ ದುರಸ್ತಿಕಟ್ಟೆಗೆ ಒಯ್ದೆ. ಅಲ್ಲಿನ ಹಿರಿಯೆ ಹಾಲಮ್ಮ ಅದರ ತುದಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎಳೆಎಳೆಯಾಗಿ ಹೊಸೆದು, ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಕೊಳವೆ ತೊಡಿಸಿದ ನಿಮ್ಮ ಕೈಯ ಜೋಡಣೆ. ಮೆಷಿನ್ನಿನಲ್ಲಿ ಉಳಿದವರೆಲ್ಲ ಮಾಡಿದ ರಿಪೇರಿ ಬರೀ ಟೇಪು ಸುತ್ತಿದ್ದು. ಹಾಲಮ್ಮ ತಂತಿಯನ್ನು ನನ್ನ ಕೈಗೆ ವಾಪಸು ಕೊಟ್ಟರು: "ಇಷ್ಟು ಅಚ್ಚುಕಟ್ಟಾಗಿ ಯಾರೂ ತಪ್ಪು ಮಾಡಲ್ಲ ಕಣಪ್ಪ."

ಆ ತಂತಿಯಿಂದ ಆರು ತಲೆಮಾರಿನಲ್ಲಿ ಯಾರಿಗೂ ಶಾಕ್ ಹೊಡೆದಿರಲಿಲ್ಲ ಅಜ್ಜಿ. ಕರೆಂಟಿಲ್ಲದ ತುಂಡಿನಿಂದ ನನಗೆ ಹೊಡೆಯಿತು. ನಿಮ್ಮ ಮನೆಯಲ್ಲಿ ಆಗ ಯಾರು ಯಾರೊಂದಿಗೆ ಮಾತು ಬಿಟ್ಟಿದ್ದರು?

ಮೆಷಿನ್ನಿನ ಒಳಗೊಂದು ಚೀಟಿ ಅಂಟಿಸಿ, ಇದು ಬೇಕೆಂದೇ ಮಾಡಿದ್ದು ಎಂದು ಬರೆಯಿರಿ ಅಂತ ಕೇಳಬೇಕೆಂದಿದ್ದೆ. ಬೇಡ. ಚೀಟಿ ಓದಿದ್ದರೆ ನಮ್ಮವರು, ಜೊತೆಗೆ ನಿಲ್ಲಿ ಎನ್ನಲು ಇವರ್ಯಾರು ಎಂದು ಮೊದಲ ತಲೆಮಾರಿನಲ್ಲೇ ಕಿತ್ತು ಹಾಕುತ್ತಿದ್ದರು. ನಿಮ್ಮನ್ನು ದಡ್ಡಿ ಎಂದುಕೊಂಡದ್ದರಿಂದಲೇ ಅದು ಇಷ್ಟು ಕಾಲ ಉಳಿಯಿತು. ನನ್ನ ಕೋರಿಕೆ ಚಿಕ್ಕದು: ಗೋಡೆಯ ಗುಂಡಿಯನ್ನು ಕಿಟಕಿ ಪಕ್ಕ ಹಾಕಬೇಡಿ, ಎದುರಿನ ಗೋಡೆಗೆ ಹಾಕಿ. ಒತ್ತುವವರು ಒಬ್ಬರ ಮುಖ ಒಬ್ಬರು ನೋಡುವಂತಾಗಲಿ.

ತಂತಿಯನ್ನು ನಿನ್ನೆ ಮತ್ತೆ ಬೆಸೆದಿದ್ದೇನೆ. ನಿಮ್ಮಷ್ಟು ಚೆನ್ನಾಗಿ ಬರಲಿಲ್ಲ, ಆದರೆ ಗಟ್ಟಿಯಾಗಿದೆ. ಹೀಗಾಗಿ ನಿನ್ನೆಯಿಂದ ನನಗೂ ಕಾಫಿ ಇಲ್ಲ. ಕಾರವಾರಕ್ಕೆ ಇವತ್ತು ಒಂದು ಸಾಲು ಬರೆದು ಹಾಕಿದ್ದೇನೆ. ಸುಳ್ಳೆಂದು ಅತ್ತೆಗೆ ಗೊತ್ತಾಗಲಿ ಎಂದೇ ಬರೆದದ್ದು:

"ಅತ್ತೆ, ಮೆಷಿನ್ ಮತ್ತೆ ಕೆಟ್ಟಿದೆ."

ಇಂತು,
ಚಿದಂಬರ