ನಲವತ್ತೊಂದು ತುಣುಕುಗಳು ಕರಗಿದ ಶನಿವಾರ

ಶಾಲು, ಹಾರ ಮತ್ತು ಹವಾನಿಯಂತ್ರಣಗಳ ಅಧಿಪತಿಗಳಾದ ಮಾನ್ಯ ನಿರ್ದೇಶಕರೇ,

ಹೋದ ತಿಂಗಳ ಎರಡನೇ ಶನಿವಾರ ನಿಮ್ಮ ಸಂಶೋಧನಾ ಕೇಂದ್ರದ ಹೊಸ ಸಭಾಭವನ ಉದ್ಘಾಟನೆಯಾಯಿತು. ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ, ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ನಲವತ್ತೊಂದು ಜನರ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ತುಣುಕುಗಳು ಅಂದೇ ಕರಗತೊಡಗಿದವು. ಮೊದಲನೆಯದಕ್ಕೆ ನೀವೇ ಕಾರಣ ಎಂದು ಅಮೃತಶಿಲೆಯ ಮೇಲೆ ಕೆತ್ತಿಸಿದ್ದೀರಿ. ಎರಡನೆಯದಕ್ಕೂ ನೀವೇ ಕಾರಣ ಎಂಬುದನ್ನು ಯಾರೂ ಕೆತ್ತಿಸಲಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಘೋಡಗೇರಿಯ ನಿವೃತ್ತ ಮಾಸ್ತರ. ಆ ತುಣುಕುಗಳಲ್ಲಿ ಮೊದಲನೆಯದು ನನ್ನ ಅಣ್ಣ ಕೆಂಚಪ್ಪನದು. ಉಳಿದ ನಲವತ್ತು ಮನೆಗಳಿಗೆ ಹೋಗಿ ಕೈಮುಗಿದು ಒಪ್ಪಿಸಿದವನು ನಾನು. ಅದು ನಿಮ್ಮ ಆಮಂತ್ರಣ ಪತ್ರಿಕೆ ಹಂಚಿದಷ್ಟು ಸಲೀಸಾಗಿರಲಿಲ್ಲ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ವಿಭೂತಿ ಹಚ್ಚಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಕುಳಿತ ಭಂಗಿಯಲ್ಲೇ ಮಣ್ಣು ಮಾಡುತ್ತೇವೆ. ದೇಹ ಇಡಿಯಾಗಿಯೇ ಮಣ್ಣಿಗೆ ಹೋಗಬೇಕೆಂಬುದು ನಮ್ಮ ಹಿರಿಯರ ಹಟ. ಅಂಥ ಮನೆಯ ಕಟ್ಟೆಯ ಮೇಲೆ ಕುಳಿತು, ಆಪರೇಷನ್ನಿನಲ್ಲಿ ತೆಗೆದ ತುಣುಕನ್ನು ವಿಜ್ಞಾನಕ್ಕೆ ಬಿಟ್ಟುಕೊಡಿ ಎಂದು ಕೇಳುವುದು ಹೇಗಿರುತ್ತದೆ, ನೀವೊಮ್ಮೆ ಕೇಳಿ ನೋಡಬೇಕು.

ಕೇಳಲು ನನಗೆ ಧೈರ್ಯ ಕೊಟ್ಟವರು ನಿಮ್ಮದೇ ಕೇಂದ್ರದ ವಿಜ್ಞಾನಿ, ಹುಕ್ಕೇರಿಯ ಮಗಳು, ಡಾ. ಅನುರಾಧಾ. ನಿಮಗೆ ಅವರ ಪರಿಚಯ ಇರಲಿಕ್ಕಿಲ್ಲ, ಅವರು ವೇದಿಕೆಗೆ ಬರುವವರಲ್ಲ. ಈ ಕ್ಯಾನ್ಸರ್ ಬಂದ ಬಹುತೇಕ ಎಲ್ಲರಲ್ಲೂ ಜೀವಕೋಶದೊಳಗಿನ ಒಂದೇ ವಂಶವಾಹಿ ಕೆಟ್ಟಿರುತ್ತದೆ ಎಂದು ಅವರು ನಮ್ಮ ಅಂಗಳದಲ್ಲಿ ಕುಳಿತು ತಿಳಿಸಿ ಹೇಳಿದ್ದರು. ಕಾಲುವೆಯ ತೂಬು ತೆರೆದು ಸಿಕ್ಕಿಕೊಂಡ ಹಾಗೆ. ಬೆಳೆ ಎಂಬ ಅಪ್ಪಣೆ ಹರಿಯುತ್ತಲೇ ಇರುತ್ತದೆ, ನಿಲ್ಲು ಎನ್ನುವವರಿಲ್ಲ. ಕಣ್ಣು ಹಳದಿಯಾಗಿ ದವಾಖಾನೆಗೆ ಹೋಗುವ ಹೊತ್ತಿಗೆ ಹೊಲವೆಲ್ಲ ಮುಳುಗಿರುತ್ತದೆ. ಅದಕ್ಕೂ ಮೊದಲೇ ರಕ್ತದಲ್ಲಿ ಏನಾದರೂ ಸುಳಿವು ಸಿಗಬಹುದೇ ಎಂದು ಅವರು ಏಳು ವರ್ಷ ಹುಡುಕಿದರು. ಸುಳಿವು ಯಾವುದೆಂದು ತಿಳಿಯಲು ಆ ತುಣುಕುಗಳು ಬೇಕಿದ್ದವು, ಅವೂ ಕೆಡದೆ ಇರಬೇಕಿತ್ತು.

ಕೆಡದೆ ಇಡುವುದೇ ಕಷ್ಟದ ಕೆಲಸ. ಈ ಗ್ರಂಥಿಯ ತುಂಬ ಉಂಡ ಅನ್ನ ಕರಗಿಸುವ ರಸ ಇರುತ್ತದಂತೆ. ಹೊರಗೆ ತೆಗೆದ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟಿಸದಿದ್ದರೆ ಅದು ತನ್ನನ್ನು ತಾನೇ ತಿನ್ನತೊಡಗುತ್ತದೆ. ಆಮೇಲೂ ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗಿನ ಪೆಟ್ಟಿಗೆಯಲ್ಲೇ ಇರಬೇಕು. ಮೂಡಲಗಿಯ ಗಾಣದಲ್ಲಿ ಮೂವತ್ತು ವರ್ಷ ಬೆಲ್ಲದ ಪಾಕ ನೋಡಿದ ನನ್ನ ಅಣ್ಣನಿಗೆ ಇದು ಒಂದೇ ಮಾತಿಗೆ ತಿಳಿಯಿತು. ಕೊಪ್ಪರಿಗೆ ಇಳಿಸುವ ಹೊತ್ತು ತಪ್ಪಿದರೆ ಬೆಲ್ಲವಿಲ್ಲ ಎಂದು ನಕ್ಕ. ಓದಿದ ನಿಮಗೆ ತಿಳಿಯಲಿಲ್ಲ.

ನಮ್ಮ ವೈನಿ, ಅಣ್ಣನ ಹೆಂಡತಿ ಕಾಶೆವ್ವನಿಗೆ ಮಾತ್ರ ಸಮಾಧಾನವಿರಲಿಲ್ಲ. ಒಂದು ತುಣುಕು ಬಿಟ್ಟು ಮಣ್ಣಿಗೆ ಹೋದರೆ ಬಸವಣ್ಣ ಕೇಳುವುದಿಲ್ಲವೇ ಎಂದಳು. ಹಾಸಿಗೆ ಹಿಡಿದಿದ್ದ ಅಣ್ಣ ಹೇಳಿದ:

"ಕೇಳ್ಲಿ. ಅದು ಕಾಯಕಕ್ಕ ಹೋಗೈತಿ, ಇನ್ನೂ ಬಂದಿಲ್ಲ ಅಂತೇನಿ."

ಈ ಒಂದು ಮಾತನ್ನೇ ನಾನು ನಲವತ್ತು ಮನೆಗಳಲ್ಲಿ ಹೇಳಿದೆ. ಅದಕ್ಕೇ ಅವರು ಒಪ್ಪಿದರು.

ಇನ್ನು ನಿಮ್ಮ ಶನಿವಾರಕ್ಕೆ ಬರೋಣ. ಸಭಾಭವನದ ಎ.ಸಿ.ಗಳ ಭಾರಕ್ಕೆ ಕರೆಂಟು ಪದೇಪದೇ ಹೋಗುತ್ತಿತ್ತು. ಮುಖ್ಯ ಅತಿಥಿಗಳ ಹಣೆಯ ಮೇಲೆ ಬೆವರು! ಎರಡನೇ ಮಹಡಿಯ ಲೈನ್ ಬಂದ್ ಮಾಡು ಎಂದು ನಿಮ್ಮ ಜವಾನ ಸಿದ್ರಾಯನಿಗೆ ಅಪ್ಪಣೆ ಕೊಟ್ಟಿರಿ. ಮೇಲೆ ಮೇಡಂ ಅವರ ಪೆಟ್ಟಿಗೆ ಇದೆ ಎಂದು ಅವನು ಹೇಳಿದನಂತೆ. ಎರಡು ತಾಸು ಫ್ರಿಜ್ ಬಂದ್ ಆದರೆ ಹಾಲೂ ಒಡೆಯುವುದಿಲ್ಲ ಎಂದು ನೀವು ಉತ್ತರಿಸಿದಿರಂತೆ. ಹಾಲಿನ ಬಗ್ಗೆ ನಿಮ್ಮ ಜ್ಞಾನ ದೊಡ್ಡದು, ಕೇಂದ್ರದ ಬದಲು ಡೇರಿ ನಡೆಸಬೇಕಿತ್ತು. ಆ ಎರಡು ತಾಸು ಸೋಮವಾರ ಬೆಳಗಿನವರೆಗೆ ಬೆಳೆಯಿತು. ಹೋಳಿಗೆ ಊಟ ಮುಗಿಸಿ ಎಲ್ಲರೂ ಮನೆಗೆ ಹೋದರು, ಲೈನ್ ಮತ್ತೆ ಹಚ್ಚಿ ಎಂದು ಹೇಳುವವರಿರಲಿಲ್ಲ. ಡಾ. ಅನುರಾಧಾ ಆ ಎರಡು ದಿನ ದಡ್ಡಿ ಎಂಬ ಊರಿನಲ್ಲಿ, ತೀರಿಕೊಂಡ ದಾನಿಯೊಬ್ಬರ ಮಕ್ಕಳ ರಕ್ತ ಪಡೆಯುತ್ತಿದ್ದರು.

ಪೆಟ್ಟಿಗೆ ಸುಮ್ಮನೆ ಸಾಯಲಿಲ್ಲ, ಕೂಗಿತು. ಒಳಗಿನ ಚಳಿ ಇಳಿದರೆ ಕೂಗಲೆಂದೇ ಅದಕ್ಕೆ ಬ್ಯಾಟರಿಯ ಗಂಟೆಯೊಂದಿದೆ. ಆಗ ನೀವು ಭಾಷಣದಲ್ಲಿ, ಈ ಕ್ಯಾನ್ಸರ್ ಎಚ್ಚರಿಕೆಯ ಗಂಟೆ ಬಾರಿಸದೆ ಬರುತ್ತದೆ ಎನ್ನುತ್ತಿದ್ದಿರಿ. ನಿಮ್ಮ ತಲೆಯ ಮೇಲೆಯೇ ಗಂಟೆ ಬಾರಿಸುತ್ತಿತ್ತು. ಚಪ್ಪಾಳೆಯೂ ಬಿತ್ತು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ.

ಇಲ್ಲಿ ನನ್ನ ಪಾಲನ್ನೂ ಹೇಳಿಬಿಡಬೇಕು. ದಾನಿಗಳನ್ನು ಒಪ್ಪಿಸಿದ್ದಕ್ಕೆ ನನಗೆ ಶಾಲು ಹೊದಿಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದಿರಿ. ಮೂವತ್ತಾರು ವರ್ಷ ತರಗತಿಯ ಸದ್ದಡಗಿಸಿ ಬಂದ ಜೀವ ಇದು; ಹಿರಿಯರು ಮಾತಾಡುವಾಗ ಕಿರಿಕಿರಿ ಕೇಳಿದರೆ ಸಹಿಸದು. ನಾನೇ ಸಿದ್ರಾಯನನ್ನು ಕರೆದೆ.

"ಅದೇನ್ ಕೂಗಾಕತ್ತೈತಿ, ಬಂದ್ ಮಾಡಿ ಬಾರಪಾ. ಸಾಹೇಬ್ರು ಮಾತಾಡಾಕತ್ತಾರ."

ಅವನು ಮೇಲೆ ಹೋಗಿ ಗುಂಡಿ ಒತ್ತಿ ಬಂದ. ಸದ್ದು ನಿಂತಿತು. ನನ್ನ ಅಣ್ಣನ ಕಾಯಕ ನಿಲ್ಲಿಸಿದ ಮಾತು ನನ್ನ ಬಾಯಿಂದಲೇ ಬಂದಿತ್ತು. ಈ ನಾಚಿಕೆ ನನ್ನದು, ಅದನ್ನು ನಿಮಗೆ ಬಿಟ್ಟುಕೊಡುವುದಿಲ್ಲ.

ಎರಡು ವಾರ ಒಂದೊಂದೇ ತುಣುಕು ಪರೀಕ್ಷಿಸಿದ ಮೇಲೆ ಡಾ. ಅನುರಾಧಾ ನನ್ನನ್ನು ಕರೆಸಿದರು. "ಕಾಕಾ, ಪಾಕ ಕೆಟ್ಟೈತ್ರಿ" ಎಂದರು, ಅಷ್ಟೇ. ನಿಮ್ಮ ತನಿಖಾ ವರದಿಯಾದರೋ ಹನ್ನೊಂದು ಪುಟ ಮಾತಾಡಿದೆ. ಅದರ ಪ್ರಕಾರ ತಪ್ಪೆಲ್ಲ ಸಿದ್ರಾಯನದು. ಅವನನ್ನು ಕೆಲಸದಿಂದ ತೆಗೆಯಲಾಗಿದೆ. ಲೈನ್ ಬಂದ್ ಮಾಡಲು ಹೇಳಿದವರು ಯಾರೆಂಬುದು ಹನ್ನೊಂದು ಪುಟಗಳಲ್ಲಿ ಎಲ್ಲಿಯೂ ಇಲ್ಲ. ಕೋಣೆಯಲ್ಲಿದ್ದ ಆನೆಯನ್ನು ಬಿಟ್ಟು ಇರುವೆಯ ಹೆಜ್ಜೆ ಅಳೆಯುವ ತನಿಖೆಗೆ ಎಷ್ಟು ದಿನ ತಗಲಿತು, ಮಾನ್ಯರೇ?

ವರದಿಯ ಕೊನೆಯ ಸಾಲು ನಿಮ್ಮ ಸ್ವಂತದ್ದು, ಕೆಳಗೆ ಸಹಿಯೂ ಇದೆ: "ನಿರುಪಯುಕ್ತವಾದ ಮಾದರಿಗಳನ್ನು ಸಂಬಂಧಪಟ್ಟ ದಾನಿಗಳಿಂದಲೇ ಪುನಃ ಸಂಗ್ರಹಿಸತಕ್ಕದ್ದು." ಆಗಲಿ. ದಾನಿಗಳಲ್ಲಿ ಮೂವತ್ತೆಂಟು ಜನ ತೀರಿಹೋಗಿದ್ದಾರೆ. ವಿಳಾಸ ಬೇಕಾದರೆ ಕೊಡುತ್ತೇನೆ. ಮೂರು ತಾಲೂಕುಗಳ ರುದ್ರಭೂಮಿಗಳಲ್ಲಿ ಸಿಗುತ್ತಾರೆ, ಎಲ್ಲಿಗೂ ಹೋಗುವವರಲ್ಲ. ನೀವು ಬಂದಿರೆಂದು ಎದ್ದು ನಿಲ್ಲಲಾರರು, ಕ್ಷಮಿಸಬೇಕು. ಆದರೆ ಕುಳಿತೇ ಕಾಯುತ್ತಿದ್ದಾರೆ. ಅಗೆಯಲು ಸಲಿಕೆ ನೀವೇ ತನ್ನಿ.

ಅದು ಆಗದ ಕೆಲಸ ಎನಿಸಿದರೆ ಬೇರೊಂದು ದಾರಿ ಇದೆ. ನಿಮ್ಮ ಹೊಟ್ಟೆಯ ಹಿಂದೆಯೂ ಇಂಥದೇ ಒಂದು ಗ್ರಂಥಿ ಇದೆ. ಹೋಳಿಗೆ, ತುಪ್ಪ, ಸನ್ಮಾನ ಎಲ್ಲವನ್ನೂ ಅದೇ ಅರಗಿಸುತ್ತಿದೆ. ಅದಕ್ಕೆ ಏನೂ ಆಗದಿರಲಿ ಎಂದೇ ಹಾರೈಸುತ್ತೇನೆ. ಹಾಗೊಮ್ಮೆ ಆದರೆ, ಮೊದಲೇ ಸುಳಿವು ಕೊಡಬಲ್ಲ ಪರೀಕ್ಷೆ ಎಲ್ಲಿಗೆ ಬಂತು ಎಂದು ಕೇಳಿಕೊಂಡು ನೀವು ಎರಡನೇ ಮಹಡಿ ಹತ್ತುವಿರಿ. ಅಲ್ಲಿ ಪೆಟ್ಟಿಗೆ ಖಾಲಿ ಇರುತ್ತದೆ. ಕೆಳಗೆ ಸಭಾಭವನ ತಂಪಾಗಿರುತ್ತದೆ, ಅಲ್ಲಿ ಕುಳಿತು ಸುಧಾರಿಸಿಕೊಳ್ಳಬಹುದು. ದಾನಿಯ ಒಪ್ಪಿಗೆ ಪತ್ರದ ಖಾಲಿ ಪ್ರತಿಯೊಂದನ್ನು ಲಗತ್ತಿಸಿದ್ದೇನೆ. ನಲವತ್ತೆರಡನೆಯ ಸಂಖ್ಯೆ, ಹೆಸರಿನ ಜಾಗ ತುಂಬಿಲ್ಲ.

ನನ್ನ ಬೇಡಿಕೆ ಸಣ್ಣದು. ಸಿದ್ರಾಯನನ್ನು ಕೆಲಸಕ್ಕೆ ಮರಳಿ ತೆಗೆದುಕೊಳ್ಳಿ. ವರದಿಯಲ್ಲಿ ಅಪ್ಪಣೆ ಕೊಟ್ಟವರ ಹುದ್ದೆ ಬರೆಯಿರಿ, ಅದರ ಕೆಳಗೆ ಸದ್ದು ನಿಲ್ಲಿಸೆಂದ ನನ್ನ ಹೆಸರನ್ನೂ ಬರೆಯಿರಿ. ಆಮೇಲೆ ಘೋಡಗೇರಿಗೆ ಬಂದು ನಮ್ಮ ವೈನಿಯ ಕಟ್ಟೆಯ ಮೇಲೆ ಕುಳಿತುಕೊಳ್ಳಿ. ಕಾಶೆವ್ವ ಏಳು ವರ್ಷಗಳಿಂದ ಪ್ರತಿ ಸೋಮವಾರ ಪೂಜೆ ಮುಗಿಸಿ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾಳೆ. ಮೊನ್ನೆಯೂ ಕೇಳಿದಳು:

"ಮಾಸ್ತರ, ಅವರದು ಇನ್ನೂ ಕೆಲಸಾ ಮಾಡಾಕತ್ತೈತಿಲ್ಲೋ?"

ಇಷ್ಟು ವರ್ಷ ಹೌದು ಎಂದಾಗ ಅದು ನಿಜವಾಗಿತ್ತು. ಮೊನ್ನೆಯೂ ಹೌದು ಎಂದೆ. ಬರುವ ಸೋಮವಾರದ ಉತ್ತರವನ್ನು ನೀವು ಬಂದು ಹೇಳಬೇಕು, ನಾನು ಪಕ್ಕದಲ್ಲಿ ಕುಳಿತಿರುತ್ತೇನೆ.

ಇಂತಿ,
ನೀವು ಹೊದಿಸಿದ ಶಾಲನ್ನು ಈ ಪತ್ರದೊಂದಿಗೆ ಮರಳಿಸುತ್ತಿರುವ,
ಸದ್ದಡಗಿಸುವುದರಲ್ಲಿ ನುರಿತ
ಶ್ರೀಶೈಲ, ನಿವೃತ್ತ ಮಾಸ್ತರ
ಘೋಡಗೇರಿ, ಹುಕ್ಕೇರಿ ತಾಲೂಕು