ಒಂದೇ ಉಸಿರಿಗೆ ಬರೆದ ಹದಿನಾಲ್ಕು ದಿನದ ಬಿ.ಪಿ.

ನನ್ನ ಬುಗುರಿಗೆ,

ಮೊದಲು ಒಲೆ ಆರಿಸು, ಫೋನು ಬೋರಲು ಹಾಕು, ಕೂತುಕೋ. ನಿಂತೇ ಓದುವುದಾದರೆ ಈ ಕಾಗದ ಮಡಚಿ ಇಟ್ಟುಬಿಡು.

ನೀನು ಹುಡುಕುತ್ತಿರುವ ಹಾಳೆ ನನ್ನ ಹತ್ತಿರ ಇದೆ. ಊರಿಗೆ ಹೊರಡುವಾಗ ಫ್ರಿಜ್ಜಿನ ಬಾಗಿಲಿಂದ ಕಿತ್ತುಕೊಂಡು ಬಂದವಳು ನಾನೇ. ಗಂಡನ ಮೇಲೆ ರೇಗಬೇಡ. ಅಲ್ಲೊಂದು ಹಾಳೆ ಇತ್ತು ಅನ್ನುವುದೇ ಆ ಪುಣ್ಯಾತ್ಮನಿಗೆ ಗೊತ್ತಿಲ್ಲ.

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳಾದರೂ ನನಗೆ ಅಂಕಿ ಓದಲು ಬರುತ್ತದೆ ಕಣೇ. ಹದಿನಾಲ್ಕು ದಿನ ಮನೆಯಲ್ಲಿ ಬಿ.ಪಿ. ನೋಡಿ ಬರೆದು ತಾ, ಮಾತ್ರೆ ಬೇಕೋ ಬೇಡವೋ ಆಮೇಲೆ ಹೇಳುತ್ತೇನೆ ಅಂದಿದ್ದರು ಡಾಕ್ಟರಮ್ಮ. ನೀನೋ, ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದವಳು, ಚಪ್ಪಲಿ ಕೂಡ ಬಿಡದೆ ಹದಿನಾಲ್ಕು ಸಾಲನ್ನೂ ತುಂಬಿಸಿಬಿಟ್ಟೆ. ನೂರಿಪ್ಪತ್ತು ಎಂಬತ್ತು, ನೂರಿಪ್ಪತ್ತೆರಡು ಎಂಬತ್ತು. ಇನ್ನೂ ಬಾರದ ಗುರುವಾರದ್ದನ್ನೂ ಬರೆದೆಯಲ್ಲ, ಜ್ಯೋತಿಷ್ಯ ಯಾವಾಗ ಕಲಿತೆ?

ಕೇಳಿದರೆ, "ಅಜ್ಜೀ, ದಿನಾ ನೂರು ಜನಕ್ಕೆ ಮಾತ್ರೆ ಕೊಡೋಳು ನಾನು. ನನಗ್ ಗೊತ್ತಿಲ್ವಾ? ಕೂತು ನೋಡ್ಕೊಳೋಕೆ ಟೈಮೆಲ್ಲಿದೆ?" ಅಂದೆ. ನಾನು ಸುಮ್ಮನಾದೆ. ನಾನು ಸುಮ್ಮನಾದಾಗಲೇ ನಿನಗೆ ಅನುಮಾನ ಬರಬೇಕಿತ್ತು.

ಮಾರನೆಯ ಬೆಳಿಗ್ಗೆ ನೀನು ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಮಗಳಿಗೆ ಜಡೆ ಹಾಕುತ್ತಿದ್ದೆ. ನಾನೇ ಹಿಡಿದು ತೋಳಿಗೆ ಬಿ.ಪಿ. ಮಿಷನ್ನಿನ ಪಟ್ಟಿ ಕಟ್ಟಿದೆ. ನೂರೈವತ್ತಾರು! "ಮಿಷನ್ ಕೆಟ್ಟಿದೆ ಬಿಡಜ್ಜಿ" ಅಂತ ನೀನು ಓಡಿದೆ. ಭಾನುವಾರ ಮಧ್ಯಾಹ್ನ ನೀನು, ಮಡಚಲು ತೆಗೆದ ಬಟ್ಟೆ ತೊಡೆಯ ಮೇಲಿರುವಾಗಲೇ ಕುರ್ಚಿಯಲ್ಲಿ ನಿದ್ದೆ ಹೋಗಿದ್ದೆ. ನಾನು ಮತ್ತೆ ಕಟ್ಟಿದೆ. ನೂರಿಪ್ಪತ್ತೆಂಟು. ಅದೇ ಮಿಷನ್ನು, ಅದೇ ತೋಳು. ಪಟ್ಟಿ ಅಷ್ಟು ಬಿಗಿಯಾಗಿ ಹಿಂಡಿದರೂ ನಿನಗೆ ಎಚ್ಚರವಾಗಲಿಲ್ಲ. ತೊಡೆಯ ಮೇಲಿನ ಬಟ್ಟೆ ಎತ್ತಿಕೊಂಡು ನಾನೇ ಮಡಚಿಟ್ಟೆ.

ಎದುರಿಗೆ ಹೇಳಲು ಬಾಯಿ ಬರದ ಮಾತೊಂದಿದೆ. ಕೂರದೆ ಬುಗುರಿಯ ಹಾಗೆ ತಿರುಗುವ ಈ ಚಾಳಿ ಕಲಿಸಿದವಳು ನಾನೇ. ಕೂತ ಹೆಂಗಸನ್ನು ಕಂಡರೆ "ಏನಮ್ಮಾ, ಮಹಾರಾಣಿ" ಅಂತ ಹಂಗಿಸುತ್ತಿದ್ದೆ. ಪುಟ್ಟ ಹುಡುಗಿ ನೀನು ಅದನ್ನೆಲ್ಲ ಕೇಳಿಸಿಕೊಂಡೆ. ಆ ಮಾತು ತಪ್ಪು ಮಗಾ. ವಾಪಸ್ಸು ತೆಗೆದುಕೊಂಡಿದ್ದೇನೆ.

ಈ ಕಾಗದದ ಜೊತೆ ಹೊಸ ಹಾಳೆ ಇಟ್ಟಿದ್ದೇನೆ. ಆ ಎರಡು ನಿಜದ ಅಂಕಿ ನಾನೇ ಬರೆದಿದ್ದೇನೆ, ಅಕ್ಷರ ಸೊಟ್ಟಗಿದೆ, ನಗಬೇಡ. ಡಾಕ್ಟರಮ್ಮನ ಹತ್ತಿರ ಹೋಗಲು ಇನ್ನೂ ಒಂದು ವಾರವಿದೆ. ಬೆಳಿಗ್ಗೆ ಸಂಜೆ ಹತ್ತು ನಿಮಿಷ ಸುಮ್ಮನೆ ಕೂತು, ಆಮೇಲೆ ಪಟ್ಟಿ ಕಟ್ಟಿ, ಬಂದದ್ದನ್ನು ಬಂದ ಹಾಗೇ ಬರೆ. ಮಾತ್ರೆ ಕೊಟ್ಟರೆ ತಕರಾರಿಲ್ಲದೆ ನುಂಗು. ಬೆಳಿಗ್ಗೆ ಊಟದ ಡಬ್ಬಿ ತುಂಬುವುದು ಇನ್ನು ನಿನ್ನ ಗಂಡನ ಕೆಲಸ. ಹೇಳಿದ್ದಕ್ಕೆ, "ಆಯ್ತಜ್ಜಿ, ಉಪ್ಪು ಎಲ್ಲಿರುತ್ತೆ?" ಅಂದ. ಹನ್ನೊಂದು ವರ್ಷ ಸಂಸಾರ ಮಾಡಿದವನು! ತೋರಿಸಿ ಬಂದಿದ್ದೇನೆ.

ಉತ್ತರ ಬರೆಯುತ್ತಾ ಕೂರಬೇಡ. ತುಂಬಿದ ಹಾಳೆಯ ಫೋಟೋ ಕಳಿಸು, ಸಾಕು. ಅಂಕಿ ಎಷ್ಟೇ ಇರಲಿ, ನಾನು ಬಯ್ಯುವುದಿಲ್ಲ. ನನಗೆ ಅದೆಷ್ಟು ಕಷ್ಟದ ಕೆಲಸ ಅಂತ ನಿನಗೇ ಗೊತ್ತು.

ನೂರು ವರ್ಷ ನಗುನಗುತ್ತಾ ಬಾಳು, ನನ್ನ ಬಂಗಾರ.

ನಿನ್ನ ಬಾಯಿಬಡುಕಿ ಅಜ್ಜಿ